ನಾಲ್ಕನೇ ದಿನದ ಪುಟ

ತಲೆಯೊಳಗಿನ ಚಿಂತೆಗೆ ತಲೆಬುಡ ಇರುವುದಿಲ್ಲ. ರಾತ್ರಿ ಮಲಗಿದಾಗ ಯಾರೋ ಅಂದ ಮಾತು ನೆನಪಾಗುತ್ತದೆ. ಅದರ ಬೆನ್ನಿಗೆ ಹತ್ತು ವರ್ಷದ ಹಿಂದಿನ ಅವಮಾನ, ಅದರ ಹಿಂದೆ ನಾಳೆಯ ಭಯ, ಆಮೇಲೆ ಮತ್ತದೇ ಮಾತು. ಗಾಣದೆತ್ತಿನ ಸುತ್ತು. ಇದನ್ನೇ ಬರೆಯಲು ಕೂತರೆ ಒಂದು ತೊಡಕು ಎದುರಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬರೆಯಲು ಆಗುವುದಿಲ್ಲ, ಯಾವುದೋ ಒಂದು ಮೊದಲು ಬರಬೇಕು. ಬರವಣಿಗೆಯ ಉಪಕಾರ ಇರುವುದು ಈ ತೊಡಕಿನಲ್ಲೇ ಅಂತ ನನಗನ್ನಿಸುತ್ತದೆ.

ಬರೆಯುವುದರಿಂದ ಉಪಕಾರ ಆಗುತ್ತದೆಯೇ ಎಂಬುದನ್ನು ಪರೀಕ್ಷೆಗೆ ಒಡ್ಡಿದವರು ಮನೋವಿಜ್ಞಾನಿ ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್. ಅವರ ಅಧ್ಯಯನ ಪ್ರಕಟವಾದದ್ದು 1986ರಲ್ಲಿ. 46 ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರಿಗೆ ಸುಮ್ನೆ ಸಣ್ಣಪುಟ್ಟ ವಿಷಯ ಕೊಟ್ಟಿದ್ದರು. ಉಳಿದವರು ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆಯಬೇಕಿತ್ತು. ಅವರಲ್ಲೂ ಒಂದು ಗುಂಪು ನಡೆದದ್ದನ್ನು ಮಾತ್ರ, ಇನ್ನೊಂದು ಭಾವನೆಯನ್ನು ಮಾತ್ರ, ಮತ್ತೊಂದು ಎರಡನ್ನೂ ಸೇರಿಸಿ ಬರೆಯಿತು.

ಬರೆದು ಎದ್ದ ಕೂಡಲೇ ಯಾರೂ ಹಗುರಾಗಲಿಲ್ಲ. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರ ಮನಸ್ಸು ಇನ್ನಷ್ಟು ಕೆಟ್ಟಿತ್ತು, ರಕ್ತದೊತ್ತಡವೂ ತುಸು ಹೆಚ್ಚಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ ಇವರೇ ಕಾಯಿಲೆ ಅಂತ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಹೋದದ್ದು ಸಣ್ಣಪುಟ್ಟ ವಿಷಯ ಬರೆದವರಿಗಿಂತ ಕಡಿಮೆ. ಬರೀ ನಡೆದದ್ದನ್ನು ವರದಿಯಂತೆ ಬರೆದವರಿಗೆ ಅಂಥ ಲಾಭ ಕಾಣಲಿಲ್ಲ.

ಎಲ್ಲರೂ ಹೇಳುವುದು ‘ಮನಸ್ಸಿನಲ್ಲಿರುವುದನ್ನು ಹೊರಹಾಕು, ಹಗುರಾಗುತ್ತೆ’ ಅಂತ. ಅಷ್ಟೇ ಸಾಕಾಗಿದ್ದರೆ ಎಷ್ಟು ಜೋರಾಗಿ ಅತ್ತರೆ ಅಷ್ಟು ಲಾಭ ಆಗಬೇಕಿತ್ತು, ಅಲ್ವಾ? ಪೆನ್ನಬೇಕರ್ ಮುಂದೆ ಕಂಪ್ಯೂಟರ್‌ನಿಂದ ಇಂಥ ಬರಹಗಳ ಪದಗಳನ್ನು ಎಣಿಸಿದರು. ಹೆಚ್ಚು ಚೇತರಿಸಿಕೊಂಡವರ ಬರಹ ದಿನದಿಂದ ದಿನಕ್ಕೆ ಬದಲಾಗಿತ್ತು. ಕೊನೆಯ ದಿನಗಳಲ್ಲಿ ‘ಏಕೆಂದರೆ’, ‘ಆದ್ದರಿಂದ’, ‘ಈಗ ತಿಳಿಯಿತು’ ಎಂಬಂಥ ಮಾತುಗಳು ಜಾಸ್ತಿಯಾಗಿದ್ದವು. ಮೊದಲ ದಿನದಿಂದಲೇ ಕಥೆ ಸಿದ್ಧವಾಗಿದ್ದವರಿಗೆ ಅಷ್ಟು ಉಪಯೋಗವಾಗಿರಲಿಲ್ಲ. 2003ರಲ್ಲಿ ಅವರು ಸಂಶೋಧಕ ಶೆರ್ಲಾಕ್ ಕ್ಯಾಂಬೆಲ್ ಜೊತೆ ಮಾಡಿದ ಅಧ್ಯಯನದಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಸಿಕ್ಕಿತು. ಸರ್ವನಾಮಗಳ ಬಳಕೆ ದಿನದಿಂದ ದಿನಕ್ಕೆ ಹೆಚ್ಚು ಬದಲಾದಷ್ಟೂ ಆರೋಗ್ಯ ಸುಧಾರಿಸಿತ್ತು. ಅಂದರೆ ಒಂದು ದಿನ ‘ನಾನು, ನನಗೆ’ ಎಂದು ಬರೆದವರು ಮರುದಿನ ‘ಅವಳು, ಅವರು’ ಎಂಬ ಕಡೆಯಿಂದಲೂ ನೋಡಿದ್ದರು.

ಕನ್ನಡದಲ್ಲಿ ಇದನ್ನು ಎಣಿಸುವುದು ಸ್ವಲ್ಪ ಕಷ್ಟ. ‘ನಾನು’ ಅಂತ ಒಮ್ಮೆಯೂ ಬರೆಯದೆ ಪುಟ ತುಂಬಿಸಬಹುದು. ‘ಸುಮ್ಮನಿದ್ದೆ’, ‘ಸಹಿಸಿಕೊಂಡೆ’ ಎನ್ನುವಾಗ ಕ್ರಿಯಾಪದದ ಬಾಲದಲ್ಲೇ ‘ನಾನು’ ಕೂತಿರುತ್ತದೆ. ಹಳೆಯ ಡೈರಿಯೊಂದನ್ನು ತಿರುವಿ ಹಾಕಿದಾಗ ನನಗೆ ಇದು ಗೊತ್ತಾಯಿತು. ಗೆಳೆಯನೊಬ್ಬನ ಜೊತೆಗಿನ ಮುನಿಸು ಅದು. ಮೂರು ವಾರ ಬಿಡದೆ ಬರೆದಿದ್ದೆ, ಮೂರು ವಾರವೂ ಅದೇ ದೂರು, ಹೆಚ್ಚುಕಡಿಮೆ ಅದೇ ವಾಕ್ಯ. ಅವನಿಗೆ ಹೇಗೆ ಕಂಡಿರಬಹುದು ಎಂಬ ಒಂದು ಸಾಲೂ ಇಲ್ಲ! ಅದು ಬರವಣಿಗೆಯೇ ಆಗಿರಲಿಲ್ಲ, ಪೆನ್ನು ಹಿಡಿದ ಗಾಣವಾಗಿತ್ತು.

ಭಾವನೆಗೆ ಹೆಸರಿಡುವುದರಿಂದಲೂ ಏನೋ ಆಗುತ್ತದೆ. 2007ರಲ್ಲಿ ಮೆದುಳು ವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ ಜನರಿಗೆ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಅವರ ಮೆದುಳನ್ನು ಸ್ಕ್ಯಾನ್ ಮಾಡಿತು. ಆ ಭಾವನೆಗೆ ಹೊಂದುವ ಪದವನ್ನು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತು. ಭಯದಂಥ ಭಾವನೆಗಳಲ್ಲಿ ಮುಖ್ಯ ಪಾತ್ರ ವಹಿಸುವ ಭಾಗ ಅದು. ಹಣೆಯ ಹಿಂಭಾಗದ ಮೆದುಳಿನ ಬಲಬದಿಯ ಒಂದು ಜಾಗ ಚುರುಕಾಯಿತು. ‘ಏನೋ ಒಂಥರಾ ಆಗ್ತಿದೆ’ ಎನ್ನುವುದು ‘ನನಗೆ ಹೊಟ್ಟೆಕಿಚ್ಚು’ ಎಂದಾದಾಗ ಒಳಗೂ ಏನೋ ಪಲ್ಲಟವಾಗುತ್ತದೆ ಎಂದು ಇದರಿಂದ ಊಹಿಸಬಹುದು.

ಹಾಗಂತ ಡೈರಿಯನ್ನು ಸರ್ವರೋಗಕ್ಕೂ ಮದ್ದು ಎಂದು ಮಾರುವವರನ್ನು ನಂಬಬೇಡಿ. 2006ರಲ್ಲಿ ಸಂಶೋಧಕಿ ಜೋಆನ್ ಫ್ರಟರೋಲಿ ಇಂಥ ಬರವಣಿಗೆಯ ಬಗೆಗಿನ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ಪರಿಣಾಮ ಇದೆ, ಆದರೆ ಚಿಕ್ಕದು. 2013ರ ಇನ್ನೊಂದು ಅಧ್ಯಯನ ಆಗಷ್ಟೇ ಸಂಗಾತಿಯಿಂದ ಬೇರೆಯಾದವರ ಮೇಲೆ ನಡೆಯಿತು. ನಡೆದದ್ದಕ್ಕೆ ಅರ್ಥ ಹುಡುಕುತ್ತಾ ಅದರಲ್ಲೇ ಮುಳುಗಿದ್ದವರಿಗೆ ಭಾವನೆಗಳನ್ನು ಬರೆದದ್ದರಿಂದ ತೊಂದರೆಯೇ ಆಯಿತು. ಅವರ ಪಾಲಿಗೆ ದಿನಚರಿಯನ್ನು ಮಾತ್ರ ಗೀಚುವುದೇ ವಾಸಿಯಾಗಿತ್ತು.

ಪೆನ್ನಬೇಕರ್ ಅವರದೇ ಒಂದು ನಿಯಮವಿದೆ. ಒಂದು ವಿಷಯ ಬರೆದರೆ ಕೈಮೀರುತ್ತದೆ ಅನ್ನಿಸಿದರೆ ಅದನ್ನು ಬರೆಯಬೇಡಿ, ಬೇರೆ ಏನಾದರೂ ಬರೆಯಿರಿ. ಕೆಲವು ವಿಷಯಗಳಿಗೆ ಎದುರಿಗೆ ಹಾಳೆ ಸಾಲದು, ಆಪ್ತಸಮಾಲೋಚಕರು ಬೇಕು. ಉಳಿದವಕ್ಕೆ ನಾಲ್ಕು ದಿನ, 15 ನಿಮಿಷ. ಕಾಗುಣಿತ ತಪ್ಪಿದರೂ ನಡೆಯುತ್ತದೆ, ಬರೆದು ಹರಿದು ಹಾಕಿದರೂ ನಡೆಯುತ್ತದೆ. ಹರಿಯುವ ಮೊದಲು ಒಂದನೇ ದಿನದ ಪುಟವನ್ನೂ ನಾಲ್ಕನೇ ದಿನದ ಪುಟವನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಓದಿ ನೋಡಿ.