ಪಟ್ಟೆ ಮೀನಿಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು?

ದಕ್ಕೆಯಲ್ಲಿ ಬಂಗುಡೆ, ಬೂತಾಯಿಯ ರೇಟು ಕೇಳುವ ಮಂಗಳೂರಿನವರಿಗೆ ಜೀಬ್ರಾ ಮೀನು ಮೀನೇ ಅಲ್ಲ. ಮೂರ್ನಾಲ್ಕು ಸೆಂಟಿಮೀಟರ್ ಉದ್ದ, ಮೈಮೇಲೆ ನೀಲಿ ಪಟ್ಟೆ. ಪುಳಿಮುಂಚಿಗೆ ಹಾಕಿದರೆ ಹುಡುಕಿದರೂ ಸಿಗದು. ಗಂಗಾ, ಬ್ರಹ್ಮಪುತ್ರಾ ಬಯಲಿನ ಹಳ್ಳ, ಗದ್ದೆಗಳಲ್ಲಿ ಈಜುವ ಈ ಮೀನು ವಿಜ್ಞಾನದಲ್ಲಿ ಹೆಸರು ಮಾಡಿದ್ದು ಮಾತ್ರ ಅಮೆರಿಕದ ಒರೆಗಾನ್‌ನಲ್ಲಿ. ಅಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ 1981ರಲ್ಲಿ ತಾಯಿಯ ಜೀನ್‌ಗಳಷ್ಟರಿಂದಲೇ ತದ್ರೂಪಿ ಮೀನುಗಳನ್ನು ಬೆಳೆಸಿ ತೋರಿಸಿದರು.

ಇದರ ಮೊಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬೆಳೆಯುವುದು ತಾಯಿಯ ಹೊಟ್ಟೆಯೊಳಗಲ್ಲ, ನೀರಿನಲ್ಲಿ. ಒಳಗಿನ ಮರಿ ಗಾಜಿನಷ್ಟು ತಿಳಿ. ಒಂದು ದಿನ ಕಳೆಯುವಷ್ಟರಲ್ಲಿ ಗುಂಡಿಗೆ ಬಡಿಯಲು ಶುರು. ಎರಡನೇ ದಿನ ರಕ್ತಕಣಗಳು ಬಾಲದ ತನಕ ಓಡಿ ವಾಪಸ್ ಬರುವುದು ಕಾಣುತ್ತದೆ. ಏನನ್ನೂ ಕೊಯ್ಯಬೇಕಿಲ್ಲ. ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವಾಗ, ಅಂದರೆ ಫಲಿತವಾದ ಸುಮಾರು ಮುಕ್ಕಾಲು ಗಂಟೆಯೊಳಗೆ, ಸಪೂರ ಗಾಜಿನ ಸೂಜಿಯಿಂದ ಕ್ರಿಸ್ಪರ್ ಎಂಬ, ಜೀನ್ ಕತ್ತರಿಸುವ ದ್ರಾವಣ ಚುಚ್ಚಿ ಬೇಕಾದ ಜೀನನ್ನು ಕೆಡಿಸಬಹುದು. ಮೈಬಣ್ಣದ ಜೀನ್ ಕೆಡಿಸಿದರೆ ಎರಡೇ ದಿನದಲ್ಲಿ ಬಿಳಿಚಿಕೊಂಡ ಮರಿ! ಕೆಲಸ ಆಯಿತೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ.

ಮನುಷ್ಯರ ಜೀನ್‌ಗಳಲ್ಲಿ ಸುಮಾರು ಶೇ. 70ರಷ್ಟಕ್ಕೆ ಈ ಮೀನಿನಲ್ಲಿ ಹೋಲುವ ಜೀನ್ ಇದೆ ಎಂದು 2013ರಲ್ಲಿ ಪ್ರಕಟವಾದ ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎಯ ಬರಹ, ಹೇಳಿತು. ರೋಗಗಳ ಅಧ್ಯಯನಕ್ಕೆ ಇದು ಬೇಕಾಗುವುದು ಅದಕ್ಕೇ.

ಸರಿ, ದುಡ್ಡಿನ ಮಾತಿಗೆ ಬರೋಣ. ಒಂದು ಜೀನ್ ಕೆಡಿಸಿದ ತಳಿ ಒಬ್ಬರ ಪಿಎಚ್‌ಡಿಗೆ ಸಾಕು. ಅವರು ಊರು ಬಿಟ್ಟ ಮೇಲೆ ಟ್ಯಾಂಕ್ ನೋಡುವವರು ಯಾರು? ಒರೆಗಾನ್‌ನಲ್ಲಿ ಇಂಥ ತಳಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ ಕಾಪಿಡುವ ಕೇಂದ್ರವಿದೆ. ಯಾವ ಜೀನ್ ಕೆಟ್ಟರೆ ಏನಾಗುತ್ತದೆ ಎಂಬ ಮಾಹಿತಿಯ ಕಣಜವೂ ಅಲ್ಲಿದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎರಡಕ್ಕೂ ಅಮೆರಿಕದ ತೆರಿಗೆದಾರರ ದುಡ್ಡು ಹೋಗಿದೆ. ಕಂಪನಿಗಳಿಗೆ ಇದರಲ್ಲಿ ಲಾಭವಿಲ್ಲ, ಅವು ಯಾಕೆ ಕೈಹಾಕುತ್ತವೆ ಅಲ್ವಾ?

ನಮ್ಮಲ್ಲೂ ಬುದ್ಧಿಗೆ ಬರವಿಲ್ಲ. ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ದೆಹಲಿ ಲ್ಯಾಬೊಂದು 2009ರಲ್ಲೇ ಕಾಡು ಜೀಬ್ರಾ ಮೀನಿನ ಜೀನೋಮ್ ಓದಿತ್ತು. ಆದರೆ ಸಂಶೋಧನೆಯ ಅನುದಾನ ಹೆಚ್ಚಾಗಿ ಮೂರು ವರ್ಷದ ಪ್ರಾಜೆಕ್ಟಿಗೆ. ಮೀನಿಗೆ ಅದು ಗೊತ್ತೇ? ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾಗಿದ್ದು ಮಂಗಳೂರಿನಲ್ಲೇ. ಈ ಮೀನಿಗೆ ಹಿತವಾದ ನೀರು ಸುಮಾರು 28 ಡಿಗ್ರಿ. ನಮ್ಮ ಸೆಕೆಯಲ್ಲಿ ಹೀಟರಿನ ಖರ್ಚೂ ಕಡಿಮೆ. ತಳಿ ಕೇಂದ್ರವೊಂದನ್ನು ಕರಾವಳಿಗೆ ತರುವುದಾದರೆ ಕಟ್ಟಡದ ದುಡ್ಡಿಗಿಂತ ಮೊದಲು ಎರಡು ಬಾಬ್ತು ಬಜೆಟ್ಟಿನಲ್ಲಿ ಬರೆದಿಡಲಿ: ನೀರಿಗೆ ಗಾಳಿ ತುಂಬುವ ಪಂಪುಗಳ ಕರೆಂಟು ಬಿಲ್ಲು, ಮತ್ತು ಭಾನುವಾರವೂ ಬಂದು ಮೀನಿಗೆ ಮೇವು ಹಾಕುವವರ ಕಾಯಂ ಸಂಬಳ.