ಜಿಲ್ಲೆಯ ಬಲ ಬೆಳೆಯಲ್ಲಿದೆಯೋ, ಕಸುಬಿನಲ್ಲಿದೆಯೋ?

ಸಣ್ಣ ಕೈಗಾರಿಕೆಗಳಿಗೆ ಯೋಜನಾ ವರದಿ ಸಿದ್ಧಪಡಿಸಿಕೊಡುವುದು ನನ್ನ ವೃತ್ತಿ. ಶಿವಮೊಗ್ಗದಲ್ಲಿ ಕೈಗಾರಿಕಾ ಅಭಿವೃದ್ಧಿಯ ಸಭೆ ನಡೆದಾಗಲೆಲ್ಲ ಏಳುವ ಮೊದಲ ಪ್ರಶ್ನೆ, ಜಿಲ್ಲೆಗೆ ಹೊರಗಿನಿಂದ ಯಾವ ಉದ್ಯಮ ತರಬಹುದು ಎಂಬುದು. ಉತ್ತರವೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ: ಐಟಿ ಪಾರ್ಕ್, ಜೈವಿಕ ತಂತ್ರಜ್ಞಾನ, ಈಚೆಗೆ ಡ್ರೋನ್. ಮುಖಪುಟದ ಮೇಲಿನ ಹೆಸರನ್ನು ಬದಲಿಸಿದರೆ ಇಂಥ ವರದಿ ಕಲಬುರಗಿಗೂ ಸಲ್ಲುತ್ತದೆ, ಕೋಲಾರಕ್ಕೂ ಸಲ್ಲುತ್ತದೆ. ಇಲ್ಲಿನ ಜನ ಈಗಾಗಲೇ ಬೇರೆಯವರಿಗಿಂತ ಚೆನ್ನಾಗಿ ಮಾಡುತ್ತಿರುವ ಕೆಲಸ ಯಾವುದು, ಆ ಕೈಚಳಕದಿಂದ ಮುಂದೆ ಏನು ಮಾಡಬಹುದು ಎಂದು ಕೇಳಿಕೊಂಡು ಹೊರಟರೆ ವರದಿಯ ಸ್ವರೂಪವೇ ಬೇರೆಯಾಗುತ್ತದೆ.

ಯುರೋಪಿನಲ್ಲಿಯೂ ಇದೇ ತೊಡಕಿತ್ತು. ಅಲ್ಲಿನ ಪ್ರಾಂತಗಳೆಲ್ಲ ಒಂದನ್ನೊಂದು ನೋಡಿ ಒಂದೇ ಬಗೆಯ ಆದ್ಯತಾ ಪಟ್ಟಿಗಳನ್ನು ಬರೆದುಕೊಳ್ಳುತ್ತಿದ್ದುದರಿಂದ ಸಂಶೋಧನೆಯ ಹಣ ತೆಳುವಾಗಿ ಹರಿದು ಹಂಚಿಹೋಗುತ್ತಿತ್ತು. 2009ರ ಸುಮಾರಿಗೆ ಡೊಮಿನಿಕ್ ಫೊರೆ, ಪಾಲ್ ಡೇವಿಡ್ ಮತ್ತು ಬ್ರಾನ್‌ವಿನ್ ಹಾಲ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಪರಿಹಾರವಾಗಿ ಸ್ಮಾರ್ಟ್ ಸ್ಪೆಷಲೈಸೇಷನ್ ಎಂಬ ವಿಚಾರವನ್ನು ಮಂಡಿಸಿದರು. 2014ರಿಂದ 2020ರ ಅವಧಿಯಲ್ಲಿ, ಐರೋಪ್ಯ ಒಕ್ಕೂಟದ ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ ಸಂಶೋಧನೆ ಮತ್ತು ನಾವೀನ್ಯಕ್ಕೆ ಹಣ ಪಡೆಯಬೇಕಾದರೆ ಇಂಥದೊಂದು ಕಾರ್ಯತಂತ್ರವನ್ನು ಮೊದಲು ಸಿದ್ಧಪಡಿಸಿರಲೇಬೇಕೆಂಬ ಷರತ್ತು ಬಂತು. ಆದ್ಯತೆಯ ಕ್ಷೇತ್ರವನ್ನು ಅಧಿಕಾರಿ ಅಥವಾ ಸಲಹೆಗಾರ ಮೇಜಿನ ಮುಂದೆ ಕುಳಿತು ಆರಿಸುವಂತಿಲ್ಲ ಎಂಬುದೇ ಈ ವಿಚಾರದ ತಿರುಳು. ಉದ್ಯಮಿಗಳು, ಬೆಳೆಗಾರರು, ಸಂಶೋಧಕರು ಪ್ರಯೋಗ ಮಾಡುತ್ತ ಅದನ್ನು ಕಂಡುಕೊಳ್ಳಬೇಕು; ಕಂಡುಕೊಂಡದ್ದನ್ನು ಗುರುತಿಸಿ ಬೆಂಬಲಿಸುವುದು ಸರ್ಕಾರದ ಪಾಲು. ಫೊರೆ ಕೊಡುವ ಉದಾಹರಣೆಗಳಲ್ಲಿ ಫಿನ್ಲೆಂಡಿನ ಕಾಗದದ ಉದ್ಯಮವೂ ಒಂದು. ಅಲ್ಲಿನವರು ನ್ಯಾನೊ ತಂತ್ರಜ್ಞಾನವನ್ನು ಪ್ರತ್ಯೇಕ ಉದ್ಯಮವಾಗಿ ಕಟ್ಟಲು ಹೋಗದೆ, ತಮಗೆ ಚೆನ್ನಾಗಿ ಗೊತ್ತಿದ್ದ ಮರದ ತಿರುಳಿನ ಕೆಲಸಕ್ಕೆ ಅದನ್ನು ಹೇಗೆ ಬಳಸಬಹುದೆಂದು ಶೋಧಿಸಿದರು. ಉತ್ಪಾದನೆ ನಿಂತುಹೋದ ಭದ್ರಾವತಿಯ ಕಾಗದದ ಕಾರ್ಖಾನೆಯನ್ನು ಬಲ್ಲ ನಮಗೆ ಈ ಉದಾಹರಣೆ ಸ್ವಲ್ಪ ಚುಚ್ಚುತ್ತದೆ.

ಮಲೆನಾಡಿನಲ್ಲಿ ಇಂಥ ಶೋಧ ಯಾವ ಕಾರ್ಯತಂತ್ರದ ಹೆಸರೂ ಇಲ್ಲದೆ ನಡೆದಿರುವುದಕ್ಕೆ ಅಡಿಕೆ ಸುಲಿಯುವ ಯಂತ್ರವೇ ಸಾಕ್ಷಿ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಆಮೇಲೆ ಸುಲಿದು ಚಾಲಿ, ಅಂದರೆ ಬಿಳಿ ಅಡಿಕೆ, ಮಾಡುತ್ತಾರೆ. ನಮ್ಮಲ್ಲಿ ಕೆಂಪಡಿಕೆಗಾಗಿ ಹಸಿರುಕಾಯಿಯನ್ನೇ ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿದಾಗ ಉಳಿದ ಕೆಂಪು ರಸದಲ್ಲಿ) ಬೇಯಿಸಿ, ಬಳಿಕ ಒಣಗಿಸುತ್ತಾರೆ. ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸಿದ ಮೇಲೆ ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ. ಮೆಟ್ಟುಗತ್ತಿಯ ಮುಂದೆ ತಡರಾತ್ರಿಯವರೆಗೂ ಕುಳಿತು ಸುಲಿಯುತ್ತಿದ್ದವರ ಸಂಖ್ಯೆ ಕಡಿಮೆಯಾದಂತೆ ಯಂತ್ರ ಅನಿವಾರ್ಯವಾಯಿತು. ಆದರೆ ಒಣಗಿದ ಕಾಯಿಗೆಂದು ಮಾಡಿದ ಯಂತ್ರ ಹಸಿಕಾಯಿಗೆ ಒಗ್ಗುವುದಿಲ್ಲ. ಒಂದೇ ಕೊನೆಯಲ್ಲಿ ಕಾಯಿಗಳ ಗಾತ್ರ ಬೇರೆಬೇರೆಯಾಗಿರುತ್ತದೆ, ಸಿಪ್ಪೆ ನಾರುನಾರಾಗಿ ಸಿಕ್ಕಿಕೊಳ್ಳುತ್ತದೆ, ಒಳಗಿನ ಬೇಳೆಗೆ ಗಾಯವಾದರೆ ಮಂಡಿಯಲ್ಲಿ ದರ ಬೀಳುತ್ತದೆ. ಇದಕ್ಕೆ ಹೊಂದುವ ಯಂತ್ರಗಳು ರೂಪುಗೊಂಡದ್ದು ನಮ್ಮ ಊರುಗಳ ವರ್ಕ್‌ಶಾಪುಗಳಲ್ಲಿ. ಬ್ಲೇಡಿನ ಕೋನವನ್ನೂ ರೋಲರಿನ ಅಂತರವನ್ನೂ ಹಂಗಾಮಿನಿಂದ ಹಂಗಾಮಿಗೆ ತಿದ್ದುತ್ತ ಹೋದ ಫಿಟರುಗಳು ಮತ್ತು ‘ಈ ಸಲ ಪುಡಿ ಜಾಸ್ತಿ ಬಂತು’ ಎಂದು ಯಂತ್ರವನ್ನು ಮರಳಿ ತಂದ ಚೇಣಿದಾರರು ಸೇರಿ ಮಾಡಿದ ಕೆಲಸವದು. ತೋಟದ ಫಸಲನ್ನು ಮರದಲ್ಲಿರುವಾಗಲೇ ಕೊಳ್ಳುವ ಚೇಣಿದಾರನಿಗೆ ದೊಡ್ಡ ಪ್ರಮಾಣದಲ್ಲಿ, ಗಡಿಬಿಡಿಯಲ್ಲಿ ಸುಲಿಸಬೇಕಾದ ಒತ್ತಡವಿರುತ್ತದೆ. ಹೀಗಾಗಿ ಹೊಸ ಯಂತ್ರಕ್ಕೆ ಹಣ ಹಾಕುವ ಅಪಾಯಕ್ಕೂ ಅವನು ಬೇಗ ಸಿದ್ಧನಾಗುತ್ತಾನೆ. ಕೃಷಿ ನೀತಿಯ ಚರ್ಚೆಗಳಲ್ಲಿ ಅವನನ್ನು ಬರಿಯ ದಲ್ಲಾಳಿಯೆಂದು ಬದಿಗಿರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಇದರ ಹಿಂದೆ ಲೋಹದ ಕಸುಬೂ ಇದೆ. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಭದ್ರಾವತಿಯ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಮತ್ತು ಭದ್ರೆಯ ನೀರನ್ನು ನಂಬಿ ನಿಂತಿತ್ತು. ಇದ್ದಿಲು ಮಾಡುವಾಗ ಹೊರಡುವ ಹೊಗೆಯಿಂದಲೂ ಮರದ ಆಲ್ಕೋಹಾಲಿನಂಥ ರಾಸಾಯನಿಕಗಳನ್ನು ತೆಗೆಯುತ್ತಿದ್ದರು. ಸ್ಥಳೀಯ ಸಂಪತ್ತನ್ನು ಆಧರಿಸಿದ ಯೋಜನೆಗೆ ಅದಕ್ಕಿಂತ ಸ್ಪಷ್ಟವಾದ ಮಾದರಿ ರಾಜ್ಯದಲ್ಲಿ ವಿರಳ. ಕಾಡಿನ ಇದ್ದಿಲನ್ನು ನಂಬಿದ ಆ ಲೆಕ್ಕಾಚಾರ ಇಂದು ಉಳಿದಿಲ್ಲ, ಕಾರ್ಖಾನೆಯ ಹಳೆಯ ವೈಭವವೂ ಇಲ್ಲ. ಆದರೆ ಎರಕ ಹೊಯ್ಯುವ, ಲೋಹವನ್ನು ಪರೀಕ್ಷಿಸುವ ತಿಳಿವಳಿಕೆ ಈ ಭಾಗದಲ್ಲಿ ಉಳಿದಿದೆ. ಶಿವಮೊಗ್ಗದ ಫೌಂಡ್ರಿಗಳು ಇಂದು ವಾಹನೋದ್ಯಮಕ್ಕೆ ಬಿಡಿಭಾಗಗಳನ್ನು ಎರಕ ಹೊಯ್ದು ಕಳಿಸುತ್ತಿವೆ. ಹೀಗಿದ್ದರೂ ಫೌಂಡ್ರಿಯವರೂ ಅಡಿಕೆ ಯಂತ್ರದವರೂ ಒಂದೇ ಸಭೆಯಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅಪರೂಪ. ಒಬ್ಬರ ಕಡತ ಕೈಗಾರಿಕಾ ಇಲಾಖೆಯಲ್ಲಿರುತ್ತದೆ, ಇನ್ನೊಬ್ಬರದು ತೋಟಗಾರಿಕೆ ಇಲಾಖೆಯಲ್ಲಿ.

ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ 2020ರಲ್ಲಿ ಬಂದಾಗ ಜಿಲ್ಲೆಗೊಂದು ಉತ್ಪನ್ನವನ್ನು ಗೊತ್ತುಪಡಿಸಲಾಯಿತು. ಶಿವಮೊಗ್ಗಕ್ಕೆ ಬಂದದ್ದು ಅನಾನಸ್. ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿರುವ ಈ ಯೋಜನೆ ಸಣ್ಣ ಘಟಕಗಳಿಗೆ ನಿಜಕ್ಕೂ ಉಪಯುಕ್ತ, ಸಾಗರ, ಸೊರಬದ ಕಡೆ ಅನಾನಸ್ ಬೆಳೆಯೂ ಇದೆ. ನನ್ನ ತಕರಾರು ಹಣ್ಣಿನ ಬಗ್ಗೆಯಲ್ಲ. ಪಟ್ಟಿಯಲ್ಲಿ ಬೆಳೆಯ ಹೆಸರು ಬರೆದೊಡನೆ ಹುಡುಕಾಟ ನಿಂತುಬಿಡುತ್ತದೆ. ಮುಂದಿನದೆಲ್ಲ ಜಾಮು, ಜ್ಯೂಸಿನ ಘಟಕಗಳ ಸಂಖ್ಯೆ ಎಣಿಸುವ ಕೆಲಸವಾಗುತ್ತದೆ.

ಹಾಗೆಂದು ಅನಾನಸಿನ ಜಾಗದಲ್ಲಿ ಅಡಿಕೆಯನ್ನು ಬರೆದರೂ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಇದರ ಬಗ್ಗೆ ನಮ್ಮಲ್ಲಿ ಎಷ್ಟೇ ವಾದವಿದ್ದರೂ, ಜಿಲ್ಲೆಯ ಭವಿಷ್ಯವನ್ನೆಲ್ಲ ಆ ಒಂದು ಬೇಳೆಯ ಧಾರಣೆಗೆ ಕಟ್ಟಿಹಾಕುವುದು ವಿವೇಕವಲ್ಲ. ಎಲೆಚುಕ್ಕೆ ರೋಗದ ಭಯ ಬೇರೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವಂತೆ, ಇರುವ ಕಸುಬಿನ ಆಸರೆಯಲ್ಲಿಯೇ ಇನ್ನೊಂದನ್ನು ಬೆಳೆಸುವ ದಾರಿಗಳು ಬೇಕು. ಹೆಗ್ಗೋಡಿನ ಚರಕ ಸಂಸ್ಥೆ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಕೈಮಗ್ಗದ ಬಟ್ಟೆಗೆ ಬಣ್ಣವಾಗಿ ಬಳಸಿದ್ದು ಇಂಥದೊಂದು ದಾರಿ. ಸುಲಿದ ಸಿಪ್ಪೆಯ ವಿಚಾರದಲ್ಲಿ ಅಂಥ ದಾರಿ ಇನ್ನೂ ಗಟ್ಟಿಯಾಗಿಲ್ಲ. ಹಂಗಾಮಿನಲ್ಲಿ ರಸ್ತೆಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವ ಈ ಸಿಪ್ಪೆ ನಾರಿನಿಂದ ಕೂಡಿದ್ದು ಬೇಗ ಕೊಳೆಯುವುದಿಲ್ಲ. ಗೊಬ್ಬರ, ಅಣಬೆ ಬೇಸಾಯ, ಇಂಧನದ ಇಟ್ಟಿಗೆ ಎಲ್ಲದಕ್ಕೂ ಅದನ್ನು ಪ್ರಯತ್ನಿಸಿ ನೋಡಿದವರಿದ್ದಾರೆ. ಒಂದೆಡೆ ಸಿಪ್ಪೆ ಹಾಗೆ ಸುಡುತ್ತಿರುವಾಗ ಇನ್ನೊಂದೆಡೆ ಅಡಿಕೆ ಬೇಯಿಸಲು ಸೌದೆ ಕೊಳ್ಳುತ್ತೇವೆ. ಇದನ್ನು ಬಿಡಿಸಲು ಒಲೆ ಕಟ್ಟುವವರು, ಫೌಂಡ್ರಿಯವರು ಮತ್ತು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು ಒಂದು ಹಂಗಾಮಿನ ಮಟ್ಟಿಗೆ ಸೇರಿದರೂ ಏನಾದರೊಂದು ತಿಳಿಯುತ್ತದೆ.

ವಿಜ್ಞಾನಿಯ ಪಾತ್ರಕ್ಕೆ ನಮ್ಮಲ್ಲೇ ಹಳೆಯ ಉದಾಹರಣೆಯಿದೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಈ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಅವರ ಶೋಧವಲ್ಲ, ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಬಂದದ್ದು. ಅದನ್ನು ನಮ್ಮ ಮಳೆಗೂ ನಮ್ಮ ಮರದ ಎತ್ತರಕ್ಕೂ ಒಗ್ಗಿಸುವುದೇ ಅವರ ಮುಂದಿದ್ದ ಸವಾಲಾಗಿತ್ತು.

ಇಂದು ಜಿಲ್ಲೆಗೆ ಕಾರ್ಯತಂತ್ರ ಬರೆಯುವುದಾದರೆ ನಾನು ಸಣ್ಣ ಮೊತ್ತದ ಹಲವು ಪ್ರಯೋಗಗಳಿಗೆ ಹಣ ಕೇಳುತ್ತೇನೆ. ಎರಡು ಹಂಗಾಮಿನಲ್ಲಿ ಫಲ ಕಾಣದ್ದನ್ನು ಕೈಬಿಡುವ ಷರತ್ತನ್ನು ಮಂಜೂರಾತಿ ಪತ್ರದಲ್ಲಿಯೇ ಬರೆಸುತ್ತೇನೆ. ನಮ್ಮ ಯೋಜನೆಗಳಿಗೆ ಆರಂಭದ ದಿನಾಂಕವಿರುತ್ತದೆ, ಕೈಬಿಡುವ ಕ್ರಮವಿರುವುದಿಲ್ಲ. ಕಟ್ಟಡಕ್ಕಿಂತ ಮೊದಲು ಯಂತ್ರಗಳ ಪರೀಕ್ಷೆಗೆ ಒಂದು ಹಂಚಿಕೆಯ ವ್ಯವಸ್ಥೆ ಬೇಕು. ಪರೀಕ್ಷಿಸುವವರ ಜೊತೆಯಲ್ಲಿ ಸುಲಿಯುವ ಹೆಂಗಸರಿಗೂ ಸ್ಥಾನವಿರಬೇಕು, ಏಕೆಂದರೆ ಬೇಳೆಯ ಗಾಯವನ್ನು ಅವರಷ್ಟು ಚೆನ್ನಾಗಿ ಗುರುತಿಸುವವರಿಲ್ಲ, ಯಂತ್ರದಿಂದ ಕೆಲಸ ಕಳೆದುಕೊಳ್ಳುವವರೂ ಅವರೇ. ಯಶಸ್ಸನ್ನು ಅಳೆಯಲು ಎಷ್ಟು ಟನ್ ಅಡಿಕೆ ಮಾರಾಟವಾಯಿತೆಂಬ ಲೆಕ್ಕ ಸಾಲದು. ಇಲ್ಲಿ ಮಾಡಿದ ಯಂತ್ರ, ಒಲೆ, ಒಣಗಿಸುವ ಸಾಧನಗಳಲ್ಲಿ ಎಷ್ಟನ್ನು ಕೇರಳದ, ಅಸ್ಸಾಮಿನ ಅಡಿಕೆ ಬೆಳೆಗಾರರು ಕೊಂಡರು, ಅವುಗಳಲ್ಲಿ ಅಡಿಕೆಯನ್ನು ಬಿಟ್ಟು ಬೇರೆ ಬೆಳೆಗೆ ಬಳಕೆಯಾದವು ಎಷ್ಟು ಎಂಬುದನ್ನು ವರ್ಷವರ್ಷವೂ ದಾಖಲಿಸಬೇಕು.