ಇಲ್ಲದ ರೋಗಕ್ಕೆ ಸಸಿ ಆರಿಸಿದ್ದು ಹೇಗೆ?

ಕೊಲಂಬಿಯದಲ್ಲಿ ಮರಗೆಣಸಿಗೆ ಮೊಸಾಯಿಕ್ ರೋಗದ ಕಾಟ ಇರಲಿಲ್ಲ. ಆದರೂ ಅಲ್ಲಿರುವ ಸಿಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರದವರು ಆ ರೋಗವನ್ನು ತಡೆಯಬಲ್ಲ ಸಸಿಗಳನ್ನು ಆರಿಸಿ ತೆಗೆದರು. ರೋಗವೇ ಇಲ್ಲದ ಹೊಲದಲ್ಲಿ ಯಾವ ಗಿಡ ರೋಗ ತಡೆಯುತ್ತದೆ ಅಂತ ಕಂಡುಹಿಡಿಯುವುದು ಹೇಗೆ? ನನಗೆ ಈ ವಿಷಯದಲ್ಲಿ ತುಂಬಾ ಹಿಡಿಸಿದ್ದೇ ಇದು.

ಈ ರೋಗ ತರುವುದು ವೈರಸ್. ಬಿಳಿನೊಣ ಅದನ್ನು ಹರಡುತ್ತದೆ, ನೆಡುವ ಕಾಂಡದ ತುಂಡಿನಲ್ಲೂ ಅದು ಸಾಗಿ ಬರುತ್ತದೆ. ಎಲೆ ಮುರುಟಿ, ಗೆಡ್ಡೆ ಸಣ್ಣಗಾಗುತ್ತದೆ. 1990ರ ದಶಕದಲ್ಲಿ ಉಗಾಂಡದ ಎಷ್ಟೋ ರೈತರು ಇದರಿಂದಾಗಿ ಮರಗೆಣಸನ್ನೇ ಬಿಟ್ಟರು.

ಒಳ್ಳೆಯ ತಳಿ ಬೇಕು, ಆದರೆ ಮರಗೆಣಸು ತಳಿಗಾರರ ತಾಳ್ಮೆ ಪರೀಕ್ಷಿಸುವ ಗಿಡ. ಕೆಲವು ತಳಿಗಳು ಹೂ ಬಿಡುವುದೇ ಅಪರೂಪ. ಅಡ್ಡತಳಿ ಮಾಡಿದರೂ ಒಂದು ಕಾಯಿಗೆ ಹೆಚ್ಚೆಂದರೆ ಮೂರು ಬೀಜ. ಒಂದೇ ತಂದೆತಾಯಿಯಿಂದ ಬಂದ ಸಸಿಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಗೆಡ್ಡೆ ನೋಡಲು ವರ್ಷ ಕಾಯಬೇಕು. ಒಂದು ಗಿಡದಿಂದ ಸಿಗುವುದು ಸುಮಾರು ಹತ್ತು ತುಂಡು, ಹಾಗಾಗಿ ದೊಡ್ಡ ಹೊಲದಲ್ಲಿ ಪರೀಕ್ಷಿಸುವಷ್ಟು ಗಿಡ ಮಾಡಿಕೊಳ್ಳಲು ಮತ್ತಷ್ಟು ವರ್ಷ. ಹೀಗೆ ಎಂಟು ಹತ್ತು ವರ್ಷ ಸುಮ್ನೆ ಕಳೆದುಹೋಗುತ್ತದೆ.

ಪಶ್ಚಿಮ ಆಫ್ರಿಕಾದ ರೈತರು ಉಳಿಸಿಕೊಂಡು ಬಂದಿದ್ದ ಕೆಲವು ನಾಟಿ ತಳಿಗಳಿಗೆ ಮಾತ್ರ ರೋಗ ಅಷ್ಟಾಗಿ ತಾಗುತ್ತಿರಲಿಲ್ಲ. ಕಾರಣ ಅವುಗಳ ಡಿಎನ್‌ಎಯ ಒಂದೇ ಜಾಗದಲ್ಲಿದೆ ಅಂತ ತಿಳಿಯಿತು. ಅದಕ್ಕೆ ಸಿಎಂಡಿ2 ಎಂದು ಹೆಸರಿಟ್ಟರು. ಅದರ ಪಕ್ಕದಲ್ಲೇ ಸುಲಭವಾಗಿ ಪತ್ತೆ ಹಚ್ಚಬಹುದಾದ ಡಿಎನ್‌ಎ ಗುರುತುಗಳೂ ಸಿಕ್ಕವು. ಇವೇ ಮಾರ್ಕರ್‌ಗಳು. ಪಕ್ಕಪಕ್ಕ ಇರುವ ಡಿಎನ್‌ಎ ಭಾಗಗಳು ಸಾಮಾನ್ಯವಾಗಿ ಒಟ್ಟಿಗೇ ಮರಿಗಿಡಕ್ಕೆ ಹೋಗುತ್ತವೆ, ಅಲ್ವಾ? ಆದ್ದರಿಂದ ಎಳೆ ಸಸಿಯ ಚೂರು ಎಲೆ ಸಾಕು. ಮಾರ್ಕರ್ ಕಂಡರೆ ಸಸಿಯನ್ನು ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ರೋಗವೂ ಬೇಡ, ಬಿಳಿನೊಣವೂ ಬೇಡ. ಕೊಲಂಬಿಯದಲ್ಲಿ ಮಾಡಿದ್ದು ಇದನ್ನೇ.

ಒಮ್ಮೊಮ್ಮೆ ಮಾರ್ಕರ್ ಬಂದು ಗುಣ ಮಾತ್ರ ಹಿಂದೆ ಉಳಿಯುವುದೂ ಉಂಟು. ಎರಡರ ನಡುವೆ ದೂರ ಜಾಸ್ತಿ ಇದ್ದಷ್ಟೂ ಈ ಅಪಾಯ ಜಾಸ್ತಿ. ರೋಗ ತಡೆಯುವ ನಿಜವಾದ ಬದಲಾವಣೆ ಯಾವುದೆಂದು 2022ರಲ್ಲಿ ಪ್ರಕಟವಾಯಿತು. ಅದು ಡಿಎನ್‌ಎಯ ಪ್ರತಿ ಮಾಡುವ ಕಿಣ್ವವೊಂದರ ಜೀನ್‌ನಲ್ಲಿದೆ.

ಇಳುವರಿಯ ಕಥೆ ಬೇರೆ. ಅದರ ಹಿಂದೆ ಸಣ್ಣಸಣ್ಣ ಪ್ರಭಾವದ ಹಲವಾರು ಜೀನ್‌ಗಳಿವೆ, ಒಂದೆರಡು ಮಾರ್ಕರ್ ಸಾಲದು. ಅದಕ್ಕೆ ಸಾವಿರಾರು ಗುರುತುಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಸಸಿಯ ಯೋಗ್ಯತೆ ಅಂದಾಜಿಸುತ್ತಾರೆ. ನೈಜೀರಿಯ, ಉಗಾಂಡಗಳಲ್ಲಿ ಈ ಕೆಲಸ ನಡೆದಿದೆ. ಆದರೂ ಕೊನೆಗೆ ಗೆಡ್ಡೆಯನ್ನು ಕಿತ್ತು, ಬೇಯಿಸಿ, ತಿಂದು ನೋಡಲೇಬೇಕು.

2015ರಲ್ಲಿ ಮೊಸಾಯಿಕ್ ರೋಗ ಕಾಂಬೋಡಿಯದಲ್ಲಿ ಕಾಣಿಸಿಕೊಂಡು, ಮುಂದೆ ವಿಯೆಟ್ನಾಂ, ಥಾಯ್ಲೆಂಡ್‌ಗಳಿಗೂ ಹಬ್ಬಿತು. ಆಫ್ರಿಕಾದ ಆ ನಾಟಿ ತಳಿಗಳ ಗುಣ ಈಗ ಅಲ್ಲಿಯ ಹೊಲಗಳಿಗೂ ಬೇಕಾಗಿದೆ.